ಕಷಾಯದ ಕೋಣೆಯ ಲಾನ್‌ಜಿ

ತಾನ್‌ಕೌ ಊರಿನವರಿಗೆ ಶು ಲಾನ್‌ಜಿಯ ಮುಖಕ್ಕಿಂತ ಅವಳ ಕೈಯ ಕಷಾಯದ ಪರಿಚಯವೇ ಹೆಚ್ಚು. ಯುಆನ್ ನದಿಯ ದಂಡೆಯ ಆ ಊರಿನ ಮೂಲಿಕೆ ಆಸ್ಪತ್ರೆಯಲ್ಲಿ ಕಷಾಯ ಕುದಿಸುವ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೈದು. ಹೆಸರಿಗಷ್ಟೇ ಅದು ಮೂಲಿಕೆ ಆಸ್ಪತ್ರೆ. ಎಕ್ಸ್-ರೇ, ರಕ್ತಪರೀಕ್ಷೆ, ಇಂಜೆಕ್ಷನ್ನು ಎಲ್ಲ ಅಲ್ಲೇ ಇತ್ತು. ಮುಂಭಾಗದಲ್ಲಿ ಡಾಕ್ಟರುಗಳು, ನಡುವೆ ಗೋಡೆಯುದ್ದಕ್ಕೂ ನೂರಾರು ಖಾನೆಗಳ ಮೂಲಿಕೆ ಅಂಗಡಿ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ ಲಾನ್‌ಜಿಯ ಇಪ್ಪತ್ತನಾಲ್ಕು ಮಣ್ಣಿನ ಕುಡಿಕೆಗಳು.

ಮನೆಯಲ್ಲಿ ಕುದಿಸಿಕೊಳ್ಳಲು ಪುರಸೊತ್ತಿಲ್ಲದವರು, ವಾರ್ಡಿನಲ್ಲಿ ಮಲಗಿದವರು, ಎಲ್ಲರ ಪೊಟ್ಟಣಗಳೂ ಅವಳ ಮುಂದೆ ಬರುತ್ತಿದ್ದವು. ಮೊದಲು ತಣ್ಣೀರಲ್ಲಿ ನೆನೆಸಬೇಕು. ಆಮೇಲೆ ಜೋರು ಉರಿ, ಒಂದು ಕುದಿ ಬಂದ ಮೇಲೆ ಸಣ್ಣ ಉರಿ. ಚಿಪ್ಪು, ಕಲ್ಲಿನಂಥವು ಎಲ್ಲಕ್ಕಿಂತ ಮೊದಲು ಕುಡಿಕೆಗೆ ಇಳಿಯಬೇಕು. ಪುದೀನದಂಥವು ಕೊನೆಯ ಐದು ನಿಮಿಷಕ್ಕೆ. ಗಡಿಯಾರ ಗೋಡೆಯ ಮೇಲಿತ್ತು, ಆದರೆ ಲಾನ್‌ಜಿ ಅದರ ಕಡೆ ನೋಡಿದ್ದು ಕಡಿಮೆ. ಇಪ್ಪತ್ತನಾಲ್ಕು ಕುಡಿಕೆ ಒಟ್ಟಿಗೆ ಕುದಿಯುವಾಗ ಹಬೆಯ ನಡುವೆ ನಿಂತು, ಯಾವುದು ಇಳಿಸುವ ಹದಕ್ಕೆ ಬಂತು ಅನ್ನುವುದನ್ನು ಮೂಗಿನಿಂದಲೇ ಹೇಳುತ್ತಿದ್ದಳು. ಒಮ್ಮೆ ಅಂಗಡಿಯವನು ಒಂದು ಪೊಟ್ಟಣಕ್ಕೆ ದಾಲ್ಚಿನ್ನಿ ಕಡ್ಡಿ ಹಾಕಲು ಮರೆತಿದ್ದ. ಚೀಟಿ ಓದದೆಯೇ, ಹಬೆ ಮೂಗಿಗೆ ಬಡಿದ ಕೂಡಲೇ ಅವಳು ಕುಡಿಕೆ ಇಳಿಸಿ ಅವನ ಮುಂದೆ ತಂದಿಟ್ಟಿದ್ದಳು. ಆಮೇಲೆ ಅಂಗಡಿಯವರು ಅವಳಿಗೆ ಪೊಟ್ಟಣ ಕಳಿಸುವ ಮುಂಚೆ ಎರಡು ಸಲ ನೋಡತೊಡಗಿದರು.

ಆ ಮೂಗು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಬೆಟ್ಟದ ಮೇಲಿನ ಹಳ್ಳಿಯವನು, ಬೇರುನಾರು ಕಿತ್ತು ಸರ್ಕಾರಿ ಖರೀದಿ ಕೇಂದ್ರಕ್ಕೆ ಹಾಕುತ್ತಿದ್ದವನು. ಆರು ವರ್ಷದ ಮಗಳ ಬೆನ್ನಿಗೂ ಒಂದು ಪುಟ್ಟ ಬುಟ್ಟಿ ಕಟ್ಟಿ ಕರೆದುಕೊಂಡು ಹೋಗುತ್ತಿದ್ದ. ಬೇರನ್ನು ಮುರಿದು, ಅವಳ ಕಣ್ಣು ಮುಚ್ಚಿಸಿ, ಮೂಗಿನ ಹತ್ತಿರ ಹಿಡಿದು ಹೆಸರು ಹೇಳಿಸುತ್ತಿದ್ದ. ಹಾಗೆ ಕಲಿತವುಗಳಲ್ಲಿ ಒಂದು ಕುದುರೆಗಂಟೆ ಬಳ್ಳಿ. ಕುದುರೆಯ ಕೊರಳ ಗಂಟೆಯ ಹಾಗೆ ಕಾಯಿ ಬಿಡುವ, ಕರ್ಪೂರದಂಥ ಘಮದ ಕಹಿ ಬೇರಿನ ಆ ಬಳ್ಳಿಯನ್ನು ಆಗ ಎಲ್ಲರೂ ಹೊಟ್ಟೆನೋವಿಗೆ, ರಕ್ತದೊತ್ತಡಕ್ಕೆ, ಊತಕ್ಕೆ ಬಳಸುತ್ತಿದ್ದರು. ಆಸ್ಪತ್ರೆಯ ಅಂಗಡಿಯಲ್ಲೂ ಅದಕ್ಕೊಂದು ಖಾನೆ ಇತ್ತು. ಲಾನ್‌ಜಿ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾದ ಮೇಲೆ ಮೇಲಿನಿಂದ ಆದೇಶ ಬಂತು: ಆ ಬೇರು ಮೂತ್ರಪಿಂಡವನ್ನು ಒಳಗೊಳಗೇ ಒಣಗಿಸುತ್ತದೆ, ಇನ್ನು ಮುಂದೆ ಯಾರಿಗೂ ಕೊಡಕೂಡದು. ಖಾನೆಯನ್ನು ಖಾಲಿ ಮಾಡಿ ಚೀಟಿ ಕಿತ್ತರು. ಲಾನ್‌ಜಿ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ತಾನೂ ಅಪ್ಪನೂ ಎಷ್ಟು ಬುಟ್ಟಿ ಕಿತ್ತಿದ್ದೆವು ಅನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು.

ಅವಳ ಗಂಡ ಶಿಯಾಂಗ್ ಮಾವ್‌ಷೆಂಗ್ ಬೆಟ್ಟದ ಹಳ್ಳಿಗಳಿಗೆ ಬಸ್ಸು ಓಡಿಸುತ್ತಿದ್ದ. ಮಾತುಗಾರ, ಊಟಗಾರ. ಹೊಗೆ ಹಿಡಿಸಿದ ಹಂದಿಮಾಂಸ, ಉಪ್ಪಲ್ಲಿ ಅದ್ದಿಟ್ಟ ಕೆಂಪು ಮೆಣಸಿನಕಾಯಿ, ಹುಳಿ ಬಂದ ಸಾಸಿವೆ ಸೊಪ್ಪು ಇಲ್ಲದೆ ಅವನಿಗೆ ಅನ್ನ ಇಳಿಯದು. ಲಾನ್‌ಜಿಯದೂ ಅದೇ ನಾಲಗೆ. ಹಬೆಯಲ್ಲಿ ದಿನವಿಡೀ ಬೆವರುವವಳಿಗೆ ಉಪ್ಪು ಬೇಕು ಎಂದು ಅವಳ ಅತ್ತೆಯೇ ಎರಡು ಚೂರು ಹೆಚ್ಚು ಬಡಿಸುತ್ತಿದ್ದಳಂತೆ.

ಲಾನ್‌ಜಿಯ ನಲವತ್ತೈದನೇ ವರ್ಷದಲ್ಲಿ, ಆಸ್ಪತ್ರೆಯ ಕೆಲಸಗಾರರಿಗೆಲ್ಲ ನಡೆಸುವ ತಪಾಸಣೆಯಲ್ಲಿ ಅವಳ ಚೀಟಿ ರೋಗವಿರುವವರ ಕಟ್ಟಿಗೆ ಹೋಯಿತು. ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್, ಕಣ್ಣಿಗೆ ಕಾಣದಷ್ಟು ರಕ್ತ, ಜೊತೆಗೆ ಏರಿದ ರಕ್ತದೊತ್ತಡ. ಒಂದು ವರ್ಷದಿಂದ ನೊರೆ ಬರುತ್ತಿದ್ದುದನ್ನು ಅವಳು ನೋಡಿದ್ದಳು, ಸೋಪಿನ ನೀರಿರಬೇಕು ಎಂದು ಸುಮ್ಮನಾಗಿದ್ದಳು. ಕಿಡ್ನಿ ವಿಭಾಗದ ಡಾಕ್ಟರ್ ಮಿ ಅವಳನ್ನು ದೊಡ್ಡ ಊರಿಗೆ ಕಳಿಸಿ, ಸೂಜಿಯಿಂದ ಕಿಡ್ನಿಯ ಚೂರು ತೆಗೆಸಿ ನೋಡಿಸಿದಳು. ರೋಗ ಇರುವುದು ಖಂಡಿತ, ಆದರೆ ಇನ್ನೂ ಮೊದಲ ಹಂತ. ರಕ್ತ ಸೋಸುವ ಕೆಲಸ ಸದ್ಯಕ್ಕೆ ಚೆನ್ನಾಗಿಯೇ ನಡೆಯುತ್ತಿತ್ತು.

ಡಾಕ್ಟರ್ ಮಿ ಆಗಿನ್ನೂ ಮೂವತ್ತೆರಡರ ಹುಡುಗಿ. ಮಾತು ಕಡಿಮೆ, ಬರೆದದ್ದೇ ಹೆಚ್ಚು. ಅವಳ ಎದುರು ಬಾಗಿಲಿನಲ್ಲಿ ಕೂರುತ್ತಿದ್ದವರು ಎಪ್ಪತ್ತರ ತಿಯಾನ್ ವೈದ್ಯರು, ಕಷಾಯ ಬರೆಯುವವರು. ಇಬ್ಬರ ನಡುವೆ ಆರು ಅಡಿಯ ಓಣಿ. ಕಿಡ್ನಿಯ ರೋಗಿಗಳು ಒಂದು ಬಾಗಿಲಿಂದ ಹೊರಬಂದು ಇನ್ನೊಂದಕ್ಕೆ ಹೋಗುವುದು ಅಲ್ಲಿ ರೂಢಿ. ಡಾಕ್ಟರ್ ಮಿ ಲಾನ್‌ಜಿಗೆ ದಿನಕ್ಕೊಂದು ಮಾತ್ರೆ ಬರೆದಳು. ಅದು ರಕ್ತದೊತ್ತಡ ಇಳಿಸುತ್ತದೆ, ಪ್ರೋಟೀನ್ ಸೋರುವುದನ್ನೂ ತಡೆಯುತ್ತದೆ, ನಿಲ್ಲಿಸುವ ಹಾಗಿಲ್ಲ ಎಂದಳು. ಉಪ್ಪನ್ನು ಅರ್ಧಕ್ಕರ್ಧ ಇಳಿಸು ಎಂದಳು. ತಿಯಾನ್ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ಡಾಕ್ಟರ್ ಮಿಯ ಚೀಟಿಯನ್ನು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿ, ಆಮೇಲೇ ತಮ್ಮ ಕಷಾಯ ಬರೆದರು.

ಇಪ್ಪತ್ತು ವರ್ಷ ಊರಿಗೆಲ್ಲ ಕಷಾಯ ಕುಡಿಸಿದವಳು ಮೊದಲ ಸಲ ಬಟ್ಟಲನ್ನು ತನ್ನ ಬಾಯಿಗೆ ಎತ್ತಿದ್ದು ಆಗ. ಮೂಗಿಗೆ ಅಷ್ಟು ಹಿತವಾಗಿದ್ದದ್ದು ನಾಲಗೆಯ ಮೇಲೆ ಇಷ್ಟು ಕಹಿ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮಾರನೇ ದಿನದಿಂದ ಕೋಣೆಯ ಕಿಟಕಿಯಲ್ಲಿ ಒಣಗಿದ ಕಿತ್ತಳೆ ಸಿಪ್ಪೆಯ ಡಬ್ಬಿ ಇಟ್ಟಳು. ಕುಡಿದು ಮುಖ ಸಿಂಡರಿಸಿದವರಿಗೆ ಒಂದೊಂದು ಚೂರು.

ಆರು ತಿಂಗಳಲ್ಲಿ ಪ್ರೋಟೀನ್ ಒಂದು ಪ್ಲಸ್ಸಿಗೆ ಇಳಿಯಿತು. ರಕ್ತದೊತ್ತಡ ಹದಕ್ಕೆ ಬಂತು, ಸಂಜೆಯ ಸುಸ್ತು ಹೋಯಿತು. ಇಲ್ಲಿ ಲಾನ್‌ಜಿ ಒಂದು ತಪ್ಪು ಮಾಡಿದಳು. ಮಾತ್ರೆ ನಿಲ್ಲಿಸಿಬಿಟ್ಟಳು.

ಯಾಕೆ ಎಂದರೆ ಅವಳೂ ಸರಿಯಾಗಿ ಹೇಳಲಾರಳು. ಮಾತ್ರೆ ಅಂದರೆ ಜೀವಮಾನದ ರೋಗಿ ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ಗುಣಪಡಿಸುತ್ತಿರುವುದು ತನ್ನ ಕೈಯ ಕುಡಿಕೆಯೇ, ಆ ಬಿಳಿ ಮಾತ್ರೆಯಲ್ಲ ಅನ್ನುವ ಹಮ್ಮು. ದಿನಾ ಬೆಳಿಗ್ಗೆ ಗಂಡನ ಕಣ್ಣೆದುರು ಡಬ್ಬಿ ಅಲ್ಲಾಡಿಸಿ ಸದ್ದು ಮಾಡುತ್ತಿದ್ದಳು. ಮಾತ್ರೆ ಮಾತ್ರ ಹೊಲಿಗೆ ಯಂತ್ರದ ಡ್ರಾಯರಿಗೆ ಹೋಗುತ್ತಿತ್ತು.

ಹೀಗೆ ಎರಡು ತಿಂಗಳು ಕಳೆಯಿತು. ನದಿಯಾಚೆ ಸಾಸಿವೆ ಹೂವು ಹಳದಿಯಾಗಿದ್ದ ಕಾಲ. ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ, ಹಳೇ ದೋಣಿಕಟ್ಟೆಯ ಹತ್ತಿರ ನಾಲ್ಕು ಗಲ್ಲಿ ಕೂಡುವಲ್ಲಿ ಯಾರೋ ಕಷಾಯದ ಚರಟ ಸುರಿದಿದ್ದರು. ಅದೇನು ಹೊಸದಲ್ಲ. ಚರಟವನ್ನು ದಾರಿಗೆ ಹಾಕಿದರೆ ತುಳಿದು ಹೋಗುವವರ ಕಾಲಿಗಂಟಿ ಕಾಯಿಲೆ ಮನೆ ಬಿಟ್ಟು ಹೋಗುತ್ತದೆ ಅನ್ನುವುದು ಆ ಕಡೆಯ ನಂಬಿಕೆ. ಬೇರೆಯವರು ಅದನ್ನು ತುಳಿಯದೆ ಬಳಸಿ ಹೋದರೆ ಲಾನ್‌ಜಿ ಮಾತ್ರ, ಬಡಗಿ ಬೇರೆಯವರ ಮನೆಯ ಬಾಗಿಲು ನೋಡುವ ಹಾಗೆ, ಬಗ್ಗಿ ನೋಡಿಯೇ ಮುಂದೆ ಹೋಗುವವಳು. ಪೈನ್ ಬೇರಿನ ಅಣಬೆ, ಹ್ವಾಂಗ್‌ಚಿ ಬೇರು, ಊತ ಇಳಿಸುವ ಸಣ್ಣ ಕಪ್ಪು ಬೀಜ. ಯಾರದೋ ಕಿಡ್ನಿಯ ಕಷಾಯ ಇದು ಅಂದುಕೊಂಡಳು. ಅಷ್ಟರಲ್ಲಿ ಹಬೆಯಾಡುತ್ತಿದ್ದ ರಾಶಿಯಿಂದ ಇನ್ನೊಂದು ವಾಸನೆ ಬಂತು.

ಅವಳು ಸೈಕಲ್ ಗೋಡೆಗೆ ಒರಗಿಸಿ ಮೊಣಕಾಲೂರಿದಳು. ಬೆರಳಿನಿಂದ ಕೆದಕಿ ಒಂದು ಬಿಲ್ಲೆ ಎತ್ತಿದಳು. ಮಂಕು ಹಳದಿ, ನಡುವಿನಿಂದ ಅಂಚಿಗೆ ಹರಡಿದ ಗೆರೆಗಳು. ಮುರಿದು ಮೂಗಿಗೆ ಹಿಡಿದಳು. ಎರಡು ಸಲ ಕುದಿದ ಮೇಲೂ ಕರ್ಪೂರದ ಆ ಎಳೆ ಹೋಗಿರಲಿಲ್ಲ.

ತರಕಾರಿ ಬುಟ್ಟಿ ಹೊತ್ತು ಹೋಗುತ್ತಿದ್ದವಳೊಬ್ಬಳು ನಿಂತು ನಕ್ಕಳು. “ಏನಕ್ಕ, ಊರವರ ಕಾಯಿಲೆನೆಲ್ಲ ನೀನೇ ಹೊತ್ಕೊಂಡ್ ಹೋಗ್ತೀಯಾ?”

ಲಾನ್‌ಜಿ ನಾಲ್ಕು ಬಿಲ್ಲೆ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ತಿಯಾನ್ ವೈದ್ಯರು ಅದನ್ನು ನೋಡಿ, ಮೂಸಿ, ಒಂದು ಚೂರು ನಾಲಗೆಯ ತುದಿಗೆ ಮುಟ್ಟಿಸಿ ಉಗಿದರು. ಕುದುರೆಗಂಟೆಯೇ. ಕಿಡ್ನಿ ಕೆಟ್ಟವರಿಗೆ ಕಿಡ್ನಿ ಕೆಡಿಸುವ ಬೇರು. ಯಾರ ಮನೆಯದೋ ಹುಡುಕು, ಹೊತ್ತಾಗಬಾರದು ಎಂದಷ್ಟೇ ಹೇಳಿದರು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ನಾಲ್ಕೂ ಗಲ್ಲಿ ಸುತ್ತಿದಳು. ಕಷಾಯ ಕುಡಿಯುವವರು ಮನೆಗೊಬ್ಬರಿದ್ದರು, ಚರಟ ಸುರಿದೆ ಎಂದು ಒಪ್ಪುವವರು ಒಬ್ಬರೂ ಇರಲಿಲ್ಲ. ತನ್ನ ಕಾಯಿಲೆಯನ್ನು ಪರರ ಕಾಲಿಗೆ ಅಂಟಿಸಲು ಹೊರಟವರು ಹೆಸರು ಹೇಳುತ್ತಾರೆಯೇ? ಮರುದಿನ ಅವಳು ಇನ್ನೂ ಮಬ್ಬಿರುವಾಗಲೇ ಹೋಗಿ ದೋಣಿಕಟ್ಟೆಯ ಮೆಟ್ಟಿಲ ಮೇಲೆ ಕೂತಳು. ಯಾರೂ ಬರಲಿಲ್ಲ. ಮೂರನೆಯ ದಿನ ತಲೆಗೆ ಟವೆಲ್ಲು ಸುತ್ತಿಕೊಂಡ ಹೆಂಗಸೊಬ್ಬಳು ಕುಡಿಕೆ ಹಿಡಿದು ಬಂದಳು. ಟವೆಲ್ಲಿನ ಕೆಳಗಿನ ಮುಖ ಲಾನ್‌ಜಿಗೆ ಗುರುತು ಸಿಕ್ಕಿತು. ವಾರಕ್ಕೆ ಮೂರು ದಿನ ತಾನು ಅಕ್ಕಿ ಶಾವಿಗೆ ತಿನ್ನುವ ಅಂಗಡಿಯ ಚಿನ್ ಯಾವ್‌ಮೇ ಅವಳು.

ಯಾವ್‌ಮೇಗೆ ಆಗ ಮೂವತ್ತೊಂಬತ್ತು. ಎರಡೇ ಮೇಜಿನ ಅಂಗಡಿ, ಬಿಡದ ಬಾಯಿ, ಹೆದರದ ಜೀವ. ಹಿಂದಿನ ಶರತ್ಕಾಲದಲ್ಲಿ ಕಾಲು ಊದಿಕೊಂಡು ಡಾಕ್ಟರ್ ಮಿಯ ಹತ್ತಿರ ಹೋಗಿದ್ದಳು. ಮೊದಲ ಹಂತ ಎಂದು ಮಾತ್ರೆ ಕೊಟ್ಟಿದ್ದರು. ಹತ್ತು ದಿನ ನುಂಗಿ ಬಿಟ್ಟಳು. ಆಮೇಲೆ ಬೆಟ್ಟದಾಚೆಯ ಸಂತೆಯಲ್ಲಿ ಬೇರು ಮಾರುವ ಮುದುಕನೊಬ್ಬನ ಪೊಟ್ಟಣ ಶುರುಮಾಡಿ ಎರಡು ತಿಂಗಳಾಗಿತ್ತು. ಇದನ್ನೆಲ್ಲ ಅವಳು ಹೇಳಿದ್ದು ಅಂಗಡಿಯ ಒಲೆಯ ಮುಂದೆ, ಎಲುಬಿನ ಸಾರು ಕುದಿಯುವ ಸದ್ದಿನಲ್ಲಿ, ಗಿರಾಕಿಗಳು ಬರುವ ಮುಂಚೆ. ಲಾನ್‌ಜಿ ಕರ್ಚೀಫು ಬಿಚ್ಚಿ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟು ಅದೇನೆಂದು ಹೇಳಿದಳು.

“ಊತ ಇಳೀತಲ್ಲಕ್ಕ,” ಎಂದಳು ಯಾವ್‌ಮೇ.

“ಊತ ಇಳಿಯುತ್ತೆ. ಒಳಗಡೆ ಏನಾಗ್ತಿದೆ ಅಂತ ನಿನಗೂ ಕಾಣಲ್ಲ, ಆ ಮುದುಕನಿಗೂ ಕಾಣಲ್ಲ.”

“ಆ ಮಾತ್ರೆ ಹಿಡಿದ್ರೆ ಸಾಯೋವರೆಗೂ ಬಿಡಂಗಿಲ್ಲ. ನನಗದು ಬೇಡ.” ಯಾವ್‌ಮೇ ಸೌಟು ಕೆಳಗಿಟ್ಟು ಅವಳ ಕಡೆ ತಿರುಗಿದಳು. “ನಿನಗೂ ಅದೇ ಕಾಯಿಲೆ ಅಂತ ಊರಿಗೆಲ್ಲ ಗೊತ್ತು. ಕುಡಿಕೆ ಕಾಯೋಳು ನೀನು. ನಿಜ ಹೇಳು, ನೀನು ನುಂಗ್ತೀಯಾ ಆ ಮಾತ್ರೆ?”

ಹೌದು ಅಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಯಾವ್‌ಮೇ ಬಹುಶಃ ನಂಬಿಯೂ ನಂಬುತ್ತಿದ್ದಳು. ಲಾನ್‌ಜಿ ನಿಜವನ್ನೇ ಹೇಳಿದಳು.

“ನುಂಗ್ತಿದ್ದೆ. ಎರಡು ತಿಂಗಳಾಯ್ತು ಬಿಟ್ಟು. ಗಂಡನಿಗೂ ಹೇಳಿಲ್ಲ.”

ಯಾವ್‌ಮೇ ನಗಲಿಲ್ಲ. “ಮತ್ತೆ ನನಗೆ ಹೇಳೋಕೆ ಬಂದಿದೀಯ?”

“ನಾಳೆ ಇಬ್ರೂ ಹೋಗೋಣ. ಮೂತ್ರ, ರಕ್ತ ಇಬ್ರೂ ಕೊಡೋಣ. ಬಿಟ್ಟಿದ್ದರಿಂದ ನನಗೇನೂ ಆಗಿಲ್ಲ ಅಂತ ಬಂದ್ರೆ, ಮಾತ್ರೆ ವಿಷಯ ನಿನ್ನ ಹತ್ರ ಮತ್ತೆ ಎತ್ತಲ್ಲ. ಆದ್ರೆ ಈ ಬೇರು ಮಾತ್ರ ಇವತ್ತಿಂದಲೇ ಬೇಡ ಯಾವ್‌ಮೇ. ಇದನ್ನ ನಾನು ಆರು ವರ್ಷದವಳಿದ್ದಾಗಿಂದ ಬಲ್ಲೆ.”

ಆ ದಿನ ಮನೆಗೆ ಹೋಗಿ ಅವಳು ಡ್ರಾಯರು ಎಳೆದು ಗಂಡನ ಮುಂದೆ ಇಟ್ಟಳು. ಮಾವ್‌ಷೆಂಗ್ ಮಾತ್ರೆಗಳ ರಾಶಿಯನ್ನು ನೋಡಿದ. ಬಸ್ಸಿನ ಬ್ರೇಕು ಎರಡು ತಿಂಗಳು ಕಿತ್ತಿಟ್ಟು ಓಡಿಸಿದ್ದರೆ ತನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಿದ್ದರೇ ಎಂದು ಕೇಳಿದ. ರಾತ್ರಿ ಊಟಕ್ಕೆ ಉಪ್ಪಿನ ಮೆಣಸಿನಕಾಯಿಯ ಜಾಡಿಯನ್ನು ಅವನೇ ಎತ್ತಿ ಅಟ್ಟದ ಮೇಲಿಟ್ಟ.

ಎರಡು ದಿನ ಬಿಟ್ಟು ಚೀಟಿ ಬಂತು. ಲಾನ್‌ಜಿಯ ಪ್ರೋಟೀನ್ ಮತ್ತೆ ಎರಡು ಪ್ಲಸ್, ರಕ್ತದೊತ್ತಡ ನೂರೈವತ್ತೆರಡು. ಯಾವ್‌ಮೇಯದು ಅದಕ್ಕಿಂತ ಕೆಟ್ಟದು. ಶರತ್ಕಾಲದಲ್ಲಿ ಸರಿಯಾಗಿದ್ದ ಕ್ರಿಯೇಟಿನಿನ್, ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯುವ ಕಸದ ಲೆಕ್ಕ, ಗೆರೆ ದಾಟಿ ಮೇಲೆ ನಿಂತಿತ್ತು. ಡಾಕ್ಟರ್ ಮಿ ಬಯ್ಯಲಿಲ್ಲ, ಪೆನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದಳು. ಬೈದಿದ್ದರೇ ಹಗುರಾಗುತ್ತಿತ್ತು ಎಂದು ಲಾನ್‌ಜಿ ಈಗಲೂ ಹೇಳುತ್ತಾಳೆ. ಬೈಗುಳವೆಲ್ಲ ಎದುರು ಬಾಗಿಲಿನಲ್ಲಿ ಕಾದಿತ್ತು.

“ನನ್ನ ಕಷಾಯಕ್ಕೆ ಹೆಸರು ಬರ್ಲಿ ಅಂತ ನಿನ್ನ ಕಿಡ್ನಿ ಬಲಿ ಕೊಡ್ತೀಯೇನಮ್ಮ?” ಎಂದರು ತಿಯಾನ್ ವೈದ್ಯರು. “ನಾನೇನು ಬರೆದೆ ಅನ್ನೋದು ಆ ಹುಡುಗಿ ಏನು ಬರೆದಳು ಅನ್ನೋದರ ಮೇಲಿದೆ. ನೀನು ಅರ್ಧ ಕಿತ್ತು ಬಿಸಾಕಿ ಉಳಿದರ್ಧದಲ್ಲಿ ಗುಣವಾದೆ ಅಂತ ಓಡಾಡ್ತೀಯ. ಮಾತ್ರೆ ನುಂಗದೆ ಬರೋದಾದ್ರೆ ನನ್ನ ಬಾಗಿಲಿಗೂ ಬರಬೇಡ.”

ಯಾವ್‌ಮೇ ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಸಾವಿರ ಉಪದೇಶ ಮಾಡದ ಕೆಲಸವನ್ನು ಆ ಬೈಗುಳ ಮಾಡಿತು. ಹೊರಗೆ ಬಂದವಳೇ ಲಾನ್‌ಜಿಯ ತೋಳು ಹಿಡಿದು, ನಡಿಯಕ್ಕ, ಇಬ್ಬರ ಮಾತ್ರೆನೂ ಒಟ್ಟಿಗೆ ತಗೊಂಡು ಹೋಗೋಣ ಅಂದಳು.

ಲಾನ್‌ಜಿ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಂದಿನ ಸಂತೆಯ ದಿನ ರಜೆ ಹಾಕಿ ಗಂಡನ ಬಸ್ಸಿನಲ್ಲಿ ಬೆಟ್ಟದಾಚೆಗೆ ಹೋದಳು. ಬೇರು ಮಾರುವ ಮುದುಕ ಗೋಣಿಚೀಲದ ಮೇಲೆ ಕೂತು ತಂಬಾಕು ಎಳೆಯುತ್ತಿದ್ದ. ಮೋಸಗಾರನೇನಲ್ಲ. ತನ್ನಪ್ಪ ಮಾರಿದ್ದನ್ನೇ ಮಾರುತ್ತಿದ್ದ, ಸರ್ಕಾರದ ಆದೇಶ ಅವನ ಕಿವಿಗೆ ಬಿದ್ದಿರಲೇ ಇಲ್ಲ. ಅವಳು ಯಾರ ಮಗಳು ಎಂದು ತಿಳಿದ ಮೇಲೆ ಅವನಿಗೆ ಸಿಟ್ಟು ಬಂತು.

“ನಿಮ್ಮಪ್ಪನೂ ಇದನ್ನೇ ಕಿತ್ತೋನು. ನನ್ನ ಜೊತೆ ಒಂದೇ ಗುಡ್ಡದಲ್ಲಿ.”

“ಹೌದು ಮಾವ. ನಾನೂ ಕಿತ್ತಿದೀನಿ. ಆಗ ಯಾರಿಗೂ ಗೊತ್ತಿರ್ಲಿಲ್ಲ. ಈಗ ಗೊತ್ತು, ಅದಕ್ಕೇ ಬಂದೆ.”

ಅವನು ಒಪ್ಪಿದನೋ ಬಿಟ್ಟನೋ ಆ ದಿನ ತಿಳಿಯಲಿಲ್ಲ. ಬುಟ್ಟಿಯಲ್ಲಿದ್ದ ಕುದುರೆಗಂಟೆಯನ್ನು ಮಾತ್ರ ಗೊಣಗುತ್ತ ಬೇರೆ ತೆಗೆದು ಅವಳ ಕೈಗೆ ಕೊಟ್ಟ. ಅವಳಿಗೆ ಅಷ್ಟು ಸಾಲದು. ಎರಡು ತಿಂಗಳು ಪ್ರತಿ ಸಂತೆಗೂ ಹೋಗಿ, ಅವನ ಬುಟ್ಟಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಮೂಸಿ ನೋಡಿದಳು. ದೂರದಿಂದ ಅವಳು ಕಂಡ ಕೂಡಲೇ ಮುದುಕ ಪಕ್ಕದವನಿಗೆ, “ಬಂತಪ್ಪ ಮೂಗು,” ಅನ್ನುತ್ತಿದ್ದ. ಮೂರನೆಯ ತಿಂಗಳು ಬೇರೆ ಮಾರಾಟಗಾರನ ಬುಟ್ಟಿಯಲ್ಲಿ ಆ ಬೇರು ಇದೆ ಎಂದು ಅವಳಿಗೆ ಹೇಳಿಕಳಿಸಿದ್ದು ಅದೇ ಮುದುಕ.

ಕಷಾಯದ ಕೋಣೆಯ ಕಿಟಕಿಯಲ್ಲೂ ಅಂದಿನಿಂದ ಒಂದು ಹೊಸ ಪದ್ಧತಿ ಬಂತು. ಕಿಡ್ನಿಯ ಕಷಾಯ ಪಡೆಯಲು ಬಂದವರಿಗೆ ಲಾನ್‌ಜಿ ಬಟ್ಟಲು ಮುಂದೆ ಮಾಡಿ, ಬಿಡದೆ ಹಿಡಿದುಕೊಂಡೇ, ಬೆಳಿಗ್ಗೆಯ ಮಾತ್ರೆ ಆಯಿತೇ ಎಂದು ಕೇಳುತ್ತಿದ್ದಳು. ಮನೆಯಲ್ಲಿ ಬೇರೇನು ಕುದಿಸಿ ಕುಡಿಯುತ್ತೀರಿ ಎಂದೂ ಕೇಳುತ್ತಿದ್ದಳು. ಉತ್ತರ ಸಿಕ್ಕಮೇಲೇ ಬಟ್ಟಲು ಕೈಗೆ. ಕಷಾಯ ಸಾಕು ಮಾತ್ರೆ ಬೇಡ ಅನ್ನುವವರಿಗೆ ತನ್ನ ಎರಡು ತಿಂಗಳ ಕಥೆ ಹೇಳುತ್ತಿದ್ದಳು, ಡ್ರಾಯರಿನ ಸಮೇತ, ನಾಚಿಕೆ ಬಿಟ್ಟು. ಮಾತ್ರೆಯಿದೆ, ಕಷಾಯ ಯಾಕೆ ಅನ್ನುವವರ ಜೊತೆ ವಾದಕ್ಕಿಳಿಯುತ್ತಿರಲಿಲ್ಲ. ಅದನ್ನು ಎರಡು ಬಾಗಿಲಿನವರು ಕೂತು ತೀರ್ಮಾನಿಸಲಿ ಅನ್ನುತ್ತಿದ್ದಳು. ಕಷಾಯವನ್ನೇ ನಿಲ್ಲಿಸಿ ಎಂದು ತಿಯಾನ್ ವೈದ್ಯರೇ ಹೇಳಿ ಕಳಿಸಿದ ರೋಗಿಗಳೂ ಇದ್ದರು. ಅವರನ್ನು ಖಾಲಿ ಕೈಯಲ್ಲಿ ಕಳಿಸಬಾರದೆಂದು ಅವಳು ಕಿತ್ತಳೆ ಸಿಪ್ಪೆ ಕೊಡುತ್ತಿದ್ದಳು.

ಯಾವ್‌ಮೇಯ ಮೂತ್ರಪಿಂಡ ಹಿಂದಿನಂತಾಗಲಿಲ್ಲ. ಏರಿದ ಸಂಖ್ಯೆ ಇಳಿಯಲಿಲ್ಲ, ಆದರೆ ಅಲ್ಲಿಂದ ಮೇಲೂ ಹೋಗಲಿಲ್ಲ. ಹನ್ನೆರಡು ವರ್ಷವಾಯಿತು, ಅಲ್ಲೇ ನಿಂತಿದೆ. ಅವಳು ಅಂಗಡಿಯಲ್ಲಿ ಇನ್ನೊಂದು ಹಂಡೆ ಇಟ್ಟಳು, ಉಪ್ಪು ಕಡಿಮೆಯದು. ಮೊದಮೊದಲು ಅದನ್ನು ತಿಂದವರು ನದಿಯ ನೀರು ಕುಡಿದ ಹಾಗಿದೆ ಎಂದು ಆಡಿಕೊಂಡರು. ಯಾವ್‌ಮೇ ಬಿಡಲಿಲ್ಲ. ಬೆಟ್ಟದ ಕಾಡುಮೆಣಸಿನ ಎಣ್ಣೆ, ಹುಳಿ, ಹುರಿದ ಕಡಲೆಬೀಜ ಎಂದು ಒಂದೊಂದನ್ನೇ ಸೇರಿಸಿ, ಲಾನ್‌ಜಿಗೆ ತಿನ್ನಿಸಿ, ಅವಳ ಮುಖ ನೋಡಿ ಬದಲಿಸಿದಳು. ಈಗ ಕಿಡ್ನಿ ಸರಿಯಿರುವ ಗಿರಾಕಿಗಳೂ ಆ ಹಂಡೆಯದನ್ನೇ ಕೇಳುತ್ತಾರೆ.

ಐವತ್ತಕ್ಕೆ ಲಾನ್‌ಜಿ ನಿವೃತ್ತಳಾದಳು. ಅದೇ ವರ್ಷ ಕೋಣೆಗೆ ಯಂತ್ರಗಳು ಬಂದವು, ಕಷಾಯ ತಾನಾಗಿ ಕುದಿದು ಪ್ಲಾಸ್ಟಿಕ್ ಚೀಲಕ್ಕಿಳಿಯುತ್ತದೆ. ಮೂರೇ ತಿಂಗಳಿಗೆ ಆಸ್ಪತ್ರೆಯವರು ಅವಳನ್ನು ಮತ್ತೆ ಕರೆಸಿದರು. ಯಂತ್ರಕ್ಕೆ ಎಲ್ಲ ಬರುತ್ತದೆ, ಮೂಸಲು ಬಾರದು ಎಂದು ಡಾಕ್ಟರ್ ಮಿ ಸಭೆಯಲ್ಲಿ ಹೇಳಿದ್ದಳಂತೆ. ಅವಳೀಗ ವಿಭಾಗದ ಮುಖ್ಯಸ್ಥೆ. ತಿಯಾನ್ ವೈದ್ಯರು ಎಂಬತ್ತೊಂದಕ್ಕೆ ತೀರಿಕೊಂಡರು. ಕೊನೆಯ ವಾರದವರೆಗೂ ಅವರ ಕಷಾಯ ಮಣ್ಣಿನ ಕುಡಿಕೆಯಲ್ಲೇ ಕುದಿಯಿತು. ಕುದಿಸಿದವಳು ಯಾರೆಂದು ಬೇರೆ ಹೇಳಬೇಕಿಲ್ಲ.

ಲಾನ್‌ಜಿಗೆ ಈಗ ಐವತ್ತೆಂಟು. ದಿನಕ್ಕೊಂದು ಮಾತ್ರೆ, ವರ್ಷದಲ್ಲಿ ಕೆಲವು ತಿಂಗಳು ಕಷಾಯ. ಕಳೆದ ತಪಾಸಣೆಯಲ್ಲಿ ಪ್ರೋಟೀನ್ ಇದೆಯೋ ಇಲ್ಲವೋ ಅನ್ನುವಷ್ಟು. ಈ ವಸಂತದಲ್ಲಿ ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆ ಗಂಡಹೆಂಡತಿ ಅವಳ ತವರಿನ ಬೆಟ್ಟಕ್ಕೆ ಹೋದರು. ಬಸ್ಸು ಅರ್ಧ ದಾರಿಗೆ ನಿಲ್ಲುತ್ತದೆ, ಉಳಿದದ್ದು ಕಡಿದಾದ ಕಾಲುದಾರಿ. ಕಾಗದದ ಹಣ, ಅಕ್ಕಿಯ ಹೆಂಡ, ಗುದ್ದಲಿ ಎಲ್ಲ ಇದ್ದ ಬುಟ್ಟಿ ಲಾನ್‌ಜಿಯ ಬೆನ್ನ ಮೇಲಿತ್ತು. ಮಾವ್‌ಷೆಂಗ್ ಎರಡು ತಿರುವಿಗೊಮ್ಮೆ ಕೂರುತ್ತಿದ್ದ. “ಕಾಯಿಲೆ ನಮ್ಮಿಬ್ರಲ್ಲಿ ಯಾರಿಗೇ?” ಎಂದು ಕೆಳಗಿನಿಂದ ಕೂಗಿ ಕೇಳಿದ. ಅವಳು ಅಪ್ಪನ ಗೋರಿಯ ಹತ್ತಿರ ಬುಟ್ಟಿ ಇಳಿಸಿ, ಸುತ್ತಲಿನ ಕಳೆ ಕೀಳುತ್ತ, ಅವನು ಹತ್ತಿ ಬರಲಿ ಎಂದು ಕಾದಳು.